ಬೀದಿಯ ಫಲಕ ಯಾರಿಗಾಗಿ?

ಮುಂದಿನ ಸಲ ನೀವು ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಇಳಿದಾಗ ಅವಸರ ಮಾಡದೆ ಐದು ನಿಮಿಷ ನಿಂತುಕೊಳ್ಳಿರಿ. ಗಾಡಿಯಿಂದ ಇಳಿದವರೆಲ್ಲ ಹೊರಟುಹೋಗಲಿ. ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅಲ್ಲಿದೆ. 2023ರ ಮಾರ್ಚ್ 12ರಂದು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಅದನ್ನು ನೋಡಿ ಬೆರಗಾಗುವುದು ಸಹಜವೇ. ಆದರೆ ನಾನು ನಿಮ್ಮ ಗಮನ ಸೆಳೆಯಬಯಸುವುದು ಅಲ್ಲಿಯೇ ನಿಂತಿರುವ ಊರ ಹೆಸರಿನ ಫಲಕದ ಕಡೆಗೆ. ಹಳದಿ ನೆಲ, ಕಪ್ಪು ಅಕ್ಷರ. ಕನ್ನಡ, ಹಿಂದಿ, ಇಂಗ್ಲಿಷ್ ಎಂದು ಮೂರು ಲಿಪಿ. ನಾವು ದಿನವೂ ನೋಡುತ್ತೇವೆ, ಎಂದೂ ಓದುವುದಿಲ್ಲ. ಹೆಸರು ಗೊತ್ತಿರುವ ಊರಿನವನಿಗೆ ಆ ಫಲಕ ಬೇಡ. ಗೊತ್ತಿಲ್ಲದವನಿಗೆ ಅದೇ ಊರಿನ ಮೊದಲ ಮಾತು.

ಆ ಮೊದಲ ಮಾತು ಒಂದೇ ರೀತಿಯಾಗಿ ಉಳಿದುಬಂದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳನ್ನು ತಿದ್ದಿದಾಗ 'ಹುಬ್ಲಿ' ಹೋಗಿ 'ಹುಬ್ಬಳ್ಳಿ' ಬಂದಿತು. ಇಂಗ್ಲಿಷ್ ಕಿವಿಗೆ ಒಂದಾಗಿ ಕೇಳಿದ್ದ ಬ ಎರಡಾಯಿತು, ಲ ಎರಡಾಯಿತು. ಅವಳಿ ನಗರದ ಇನ್ನೊಂದು ಭಾಗವಾದ ಧಾರವಾಡದ ಇಂಗ್ಲಿಷ್ ಹೆಸರು ಮಾತ್ರ ಇದ್ದಂತೆಯೇ ಉಳಿಯಿತು. ರೈಲ್ವೆಯವರ ಗುರುತಕ್ಷರಗಳಲ್ಲಿ ಹುಬ್ಬಳ್ಳಿ ಇಂದಿಗೂ 'ಯು-ಬಿ-ಎಲ್'. ಹೀಗೆ ಒಂದು ಊರಿನ ಫಲಕವೆಂದರೆ ಅದರ ಚರಿತ್ರೆಯ ಪದರಗಳು ಒಂದರ ಮೇಲೊಂದು ಕುಳಿತಿರುವ ಜಾಗ. ಅದನ್ನು ಬರೆಯಿಸುವವರು ಹೆಸರನ್ನಷ್ಟೇ ಬರೆಯಿಸುವುದಿಲ್ಲ. ಈ ಊರಿಗೆ ಯಾರು ಬರುತ್ತಾರೆ, ಅವರಲ್ಲಿ ಯಾರ ಓದು ಮುಖ್ಯ, ಯಾರದು ಮುಖ್ಯವಲ್ಲ ಎಂಬ ತೀರ್ಮಾನವನ್ನೂ ಅಲ್ಲಿ ಬರೆಯಿಸಿರುತ್ತಾರೆ.

ಮೂರು ಭಾಷೆಯ ಫಲಕವೆಂದಾಗ ಈ ಪತ್ರಿಕೆಯ ಓದುಗರಿಗೆ ಇನ್ನೊಂದು ಫಲಕ ನೆನಪಾಗದೆ ಇರದು. ಯೋಹಾನನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಪಿಲಾತನು ಶಿಲುಬೆಯ ಮೇಲೆ ಹಚ್ಚಿಸಿದ ಬರಹವದು. ಇಬ್ರಿಯ, ಲತೀನ್, ಗ್ರೀಕ್ ಭಾಷೆಗಳಲ್ಲಿ ಅದನ್ನು ಬರೆಯಲಾಗಿತ್ತೆಂದೂ, ಆ ಸ್ಥಳ ಪಟ್ಟಣಕ್ಕೆ ಸಮೀಪವಾಗಿದ್ದುದರಿಂದ ಅನೇಕರು ಅದನ್ನು ಓದಿದರೆಂದೂ ಸುವಾರ್ತೆ ತಿಳಿಸುತ್ತದೆ. ಧ್ಯಾನಕ್ಕೆ ಅದರಲ್ಲಿ ಬೇಕಾದಷ್ಟು ಇದೆ. ಇಲ್ಲಿ ಅದರ ಏರ್ಪಾಟನ್ನಷ್ಟೇ ಗಮನಿಸೋಣ. ಒಂದು ನೆಲದ ಜನರ ಭಾಷೆ, ಒಂದು ಆಳುವವರ ಭಾಷೆ, ಒಂದು ದೂರದೂರದ ವರ್ತಕರೂ ಪ್ರಯಾಣಿಕರೂ ಬಳಸುವ ಭಾಷೆ. ನಮ್ಮ ನಿಲ್ದಾಣದ ಹಳದಿ ಫಲಕದ ಏರ್ಪಾಟೂ ಹೆಚ್ಚುಕಡಿಮೆ ಇದೇ. ಆ ಬರಹವನ್ನು ತಿದ್ದಬೇಕೆಂದು ಯಾಜಕರು ಕೇಳಿದರು. ಬರೆದದ್ದು ಬರೆದಾಯಿತೆಂದು ಪಿಲಾತನು ನಿರಾಕರಿಸಿದನು. ಫಲಕದ ಮಾತುಗಳಿಗಾಗಿ ಜಗಳವಾಡುವುದು ಇಂದಿನ ಚಟವೇನಲ್ಲ.

ನಮ್ಮಲ್ಲಿ ಈ ಜಗಳಕ್ಕೆ ಆಳವಾದ ಬೇರುಗಳಿವೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ ಧಾರವಾಡ ಸೀಮೆ ಮುಂಬಯಿಗೆ ಸೇರಿತ್ತು. ಒಂದು ಕಾಲಕ್ಕೆ ಇಲ್ಲಿನ ಶಾಲೆ ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರಂಥವರು ದುಡಿಯಬೇಕಾಯಿತು, 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಬೇಕಾಯಿತು. ಹೀಗೆ ದುಡಿದು ಪಡೆದ ಭಾಷೆ ಬೀದಿಯಲ್ಲಿ ಕಾಣಬೇಕೆಂಬ ಹಂಬಲ ನ್ಯಾಯವಾದದ್ದು. ಈ ಹಂಬಲವೇ ಇಂದು ಕಾಯಿದೆಯ ರೂಪ ಪಡೆದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಆ ಕನ್ನಡ ಮೇಲ್ಭಾಗದಲ್ಲಿರಬೇಕು.

ಈ ಕಾಯಿದೆಗೆ ನನ್ನ ಒಪ್ಪಿಗೆಯಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದು ಜಾಗವನ್ನು ಅಳೆಯುತ್ತದೆ, ಓದನ್ನು ಅಳೆಯುವುದಿಲ್ಲ. ಈ ಮಾತನ್ನು ಎರಡು ಉದಾಹರಣೆಗಳಿಂದ ಸ್ಪಷ್ಟಪಡಿಸುತ್ತೇನೆ.

ಮೊದಲನೆಯದು ಅಕ್ಷರದ ಆಕಾರಕ್ಕೆ ಸಂಬಂಧಿಸಿದ್ದು. ಅವಳಿ ನಗರಗಳ ಹೆಸರುಗಳನ್ನೇ ತೆಗೆದುಕೊಳ್ಳಿರಿ. 'ಹುಬ್ಬಳ್ಳಿ' ಎಂಬಲ್ಲಿ ಎರಡು ಒತ್ತಕ್ಷರಗಳಿವೆ. ಎರಡೂ ಸಾಲಿನಿಂದ ಕೆಳಗೆ ಇಳಿಯುತ್ತವೆ. ಅದರ ಜೊತೆಗೆ ತಲೆಕಟ್ಟು ಮತ್ತು ಗುಡಿಸು ಮೇಲೆ ಜಾಗ ಬೇಡುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಚಿಂತೆ ಇಲ್ಲ. ಪಟ್ಟಿಯ ಮೇಲಂಚಿನಿಂದ ಕೆಳಂಚಿನವರೆಗೆ ಅವು ಮೈಚಾಚಿ ನಿಲ್ಲುತ್ತವೆ. ಎರಡು ಲಿಪಿಗಳಿಗೂ ಒಂದೇ ಎತ್ತರದ ಪಟ್ಟಿ ಕೊಟ್ಟರೆ ಕನ್ನಡದ ಮೂಲಾಕ್ಷರ ಕುಗ್ಗಿ, ಅದರ ಕಾಲಡಿಯ ಒತ್ತು ಇರುವೆಯಂತಾಗುತ್ತದೆ. ಅಳತೆಪಟ್ಟಿಗೆ ಅದು ಸಮಪಾಲು, ಕಣ್ಣಿಗೆ ಅಲ್ಲ. 'ಧಾರವಾಡ'ದಲ್ಲಿ ಒತ್ತಕ್ಷರವೇ ಇಲ್ಲ. ಅದು ನೆಮ್ಮದಿಯಾಗಿ ಒಂದೇ ಸಾಲಿನಲ್ಲಿ ಕೂಡುತ್ತದೆ. ಅದರ ಕಷ್ಟ ಬೇರೆ. 'ಧ'ಕ್ಕೂ 'ದ'ಕ್ಕೂ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಸಣ್ಣ ಸೀಳು. ದಪ್ಪ ಅಕ್ಷರದ ಮೋಹದಲ್ಲಿ ಆ ಸೀಳು ಮುಚ್ಚಿಹೋದರೆ ಹೆದ್ದಾರಿಯಲ್ಲಿ ವೇಗವಾಗಿ ಬರುವವನಿಗೆ ಅದು 'ದಾರವಾಡ'. 'ಸಿದ್ಧಾರೂಢ' ಎಂಬ ಹೆಸರಿನಲ್ಲಂತೂ ಒತ್ತು, ದೀರ್ಘ, ಮಹಾಪ್ರಾಣ ಮೂರೂ ಸೇರಿಕೊಂಡಿವೆ. ಊರು ತುಂಬ ಪೂಜ್ಯವಾದ ಆ ಹೆಸರು ಅಂಗಡಿಗಳ ಮೇಲೆ, ರಿಕ್ಷಾಗಳ ಹಿಂದೆ ಎಷ್ಟು ಬಗೆಯಾಗಿ ಬರೆಯಲ್ಪಟ್ಟಿದೆ ಎಂಬುದನ್ನು ಒಂದು ಸಂಜೆ ಎಣಿಸಿ ನೋಡಿರಿ.

ಈ ಕಷ್ಟ ಹೊಸದೇನೂ ಅಲ್ಲ. 1817ರಲ್ಲಿ ಸಿರಾಂಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾದಾಗಲೂ, 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ ಆರಂಭವಾದಾಗಲೂ ಅಚ್ಚುಮೊಳೆ ಎರಕ ಹೊಯ್ದವರು ಎದುರಿಸಿದ್ದು ಇದೇ ಒತ್ತಿನ ತೊಡಕನ್ನು. ಅವರು ಕನ್ನಡದ ಅಕ್ಷರಕ್ಕೆ ಬೇಕಾದ ಜಾಗವೆಷ್ಟು ಎಂದು ಕೇಳಿಕೊಳ್ಳಲೇಬೇಕಾಗಿತ್ತು. ಇಂದು ಗಣಕಯಂತ್ರದ ಮುಂದೆ ಕುಳಿತ ನಾವು ಆ ಪ್ರಶ್ನೆಯನ್ನೇ ಕೇಳದೆ, ಇಂಗ್ಲಿಷಿಗಾಗಿ ಮಾಡಿದ ಚೌಕಟ್ಟಿನಲ್ಲಿ ಕನ್ನಡವನ್ನು ತುರುಕುತ್ತೇವೆ.

ಎರಡನೆಯ ಉದಾಹರಣೆ ಮಾತಿಗೆ ಸಂಬಂಧಿಸಿದ್ದು. ಅಂಗಡಿಯೊಂದರ ಮೇಲೆ 'ದಿ ಕಂಪ್ಲೀಟ್ ಫ್ಯಾಮಿಲಿ ಶಾಪ್' ಎಂದು ದುಂಡನೆಯ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಕಾಯಿದೆಗೆ ಅದು ಕನ್ನಡ. ಕನ್ನಡವೊಂದನ್ನೇ ಬಲ್ಲವಳು ಅದನ್ನು ಅಕ್ಷರ ಅಕ್ಷರವಾಗಿ ಉಚ್ಚರಿಸಬಲ್ಲಳು. ಒಳಗೆ ಸೀರೆ ಸಿಗುತ್ತದೆಯೋ ಸಕ್ಕರೆ ಸಿಗುತ್ತದೆಯೋ ತಿಳಿಯಲಾರಳು. ಇಲ್ಲಿ ಲಿಪಿಗೆ ಗೌರವ ಸಂದಿತು, ಓದುಗಳಿಗೆ ಸಲ್ಲಲಿಲ್ಲ. ಅನ್ಯಭಾಷೆಯ ಶಬ್ದ ಬೇಡವೆಂದು ನಾನು ಹೇಳುತ್ತಿಲ್ಲ. ಬಸ್ಸು, ಬ್ಯಾಂಕು, ಹೋಟೆಲು ಇವೆಲ್ಲ ನಮ್ಮವೇ ಆಗಿಹೋಗಿವೆ.

ಹಾಗೆ ನೋಡಿದರೆ ಹುಬ್ಬಳ್ಳಿಯ ಹಳೆಯ ಫಲಕಗಳ ಸೊಗಸು ಇದ್ದದ್ದೇ ಹೊರಗಿನ ಮಾತನ್ನು ಒಳಗು ಮಾಡಿಕೊಂಡ ರೀತಿಯಲ್ಲಿ. ದುರ್ಗದ ಬೈಲಿನಿಂದ ದಾಜಿಬಾನ ಪೇಟೆಯವರೆಗೆ, ಕೊಪ್ಪೀಕರ ರಸ್ತೆಯಿಂದ ಬ್ರಾಡ್‌ವೇವರೆಗೆ ಒಮ್ಮೆ ನಡೆಯಿರಿ. ಬೀದಿಯ ಹೆಸರುಗಳಲ್ಲಿಯೇ ಕನ್ನಡ, ಮರಾಠಿ, ಇಂಗ್ಲಿಷ್ ಕೈಕೈ ಹಿಡಿದಿವೆ. ಮುಂಬಯಿಯ ಗವರ್ನರನೊಬ್ಬನ ನೆನಪಿನ ಲ್ಯಾಮಿಂಗ್ಟನ್ ರಸ್ತೆ ಇಂದಿಗೂ ಜನರ ಬಾಯಲ್ಲಿದೆ. 'ಖಾನಾವಳಿ' ಎಂಬ ಶಬ್ದ ಮರಾಠಿಯಿಂದ ಬಂದದ್ದು. ಆದರೆ 'ಬಸವೇಶ್ವರ ಖಾನಾವಳಿ' ಎಂಬ ಫಲಕ ಕಂಡರೆ ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ ಎಲ್ಲವೂ ನಮ್ಮ ಕಣ್ಣ ಮುಂದೆ ಬರುತ್ತವೆ. 'ಸಾವಜಿ' ಎಂಬ ಮೂರೇ ಅಕ್ಷರ ಕಂಡರೆ ಸಾಕು, ಒಳಗೆ ಖಾರದ ಮಾಂಸದೂಟವಿದೆ, ಅದನ್ನು ಬೇಯಿಸುವ ಕೈ ಯಾವ ಸಮುದಾಯದ್ದು ಎಂಬುದು ಊರಿಗೆಲ್ಲ ತಿಳಿಯುತ್ತದೆ. ಚಿತ್ರ ಬೇಡ, ವಿವರಣೆ ಬೇಡ.

ಈ ಸೊಗಸಿನ ಇನ್ನೊಂದು ಮುಖವನ್ನೂ ಮರೆಯಬಾರದು. 'ಶುದ್ಧ ಸಸ್ಯಾಹಾರಿ' ಎಂಬ ಫಲಕ, ಜಾತಿಯ ಹೆಸರು ಹೊತ್ತ ಖಾನಾವಳಿಯ ಫಲಕ ಇವು ಊಟದ ಬಗೆಯನ್ನಷ್ಟೇ ಹೇಳಲಿಲ್ಲ. ಹೊಸ್ತಿಲ ಹೊರಗೆ ನಿಂತು ಯೋಚಿಸಬೇಕಾದವರು ಯಾರೆಂಬುದನ್ನೂ ಅವು ಹೇಳುತ್ತಿದ್ದವು. ಕೆಲವರು ಆ ಫಲಕ ಓದಿ ಒಳಗೆ ನಡೆದರು. ಕೆಲವರು ಓದಿ ಮುಂದಕ್ಕೆ ಹೋದರು. ಸಂಸ್ಕೃತಿ ಫಲಕವನ್ನು ರೂಪಿಸುತ್ತದೆ ಎಂದಾಗ ಅದರ ಕರೆಯುವ ಗುಣದ ಜೊತೆಗೆ ಈ ಹೊರಗಿಡುವ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ಕಾಲದ ಫಲಕಗಳನ್ನು ಕೈಯಿಂದ ಬರೆಯುತ್ತಿದ್ದರು. ತಗಡಿಗೆ ಬಣ್ಣ ಬಳಿದು, ಸುಣ್ಣದ ದಾರದಿಂದ ಗೆರೆ ಹೊಡೆದು, ಅಕ್ಷರದ ಬಲಗಡೆಗೆ ನೆರಳು ಕೊಟ್ಟು ಬರೆಯುತ್ತಿದ್ದ ಪೇಂಟರನಿಗೆ ಒತ್ತು ಎಲ್ಲಿ ಬರುತ್ತದೆಂದು ಬರೆಯುವ ಮೊದಲೇ ಗೊತ್ತಿರುತ್ತಿತ್ತು. ಎಲ್ಲ ಪೇಂಟರರೂ ಕಲಾವಿದರಾಗಿದ್ದರು ಎಂದು ಹೇಳಲಾರೆ. ಕಾಗುಣಿತ ತಪ್ಪಿದವರೂ ಬಹಳ ಮಂದಿ ಇದ್ದರು. ಆದರೂ ಪ್ರತಿ ಅಕ್ಷರವನ್ನೂ ಒಬ್ಬ ಮನುಷ್ಯ ನೋಡಿ ಬರೆಯುತ್ತಿದ್ದನು. ಫ್ಲೆಕ್ಸ್ ಬಂದ ಮೇಲೆ ಆ ನೋಟ ತಪ್ಪಿತು. ಒಂದು ಅಕ್ಷರವಿನ್ಯಾಸದಿಂದ ಇನ್ನೊಂದಕ್ಕೆ ದಾಟುವಾಗ ಒತ್ತು ಹಾರಿಹೋಗಿ ಅರ್ಕಾವತ್ತು ಎಲ್ಲಿಯೋ ಕುಳಿತರೂ ಯಂತ್ರ ಹಾಗೆಯೇ ಮುದ್ರಿಸುತ್ತದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ವಸ್ತುಗಳ ಜೊತೆಗೆ ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ನಿಷೇಧದ ನಂತರವೂ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಅವು ತಲೆಯೆತ್ತದೆ ಇಲ್ಲ.

ಇದು ಅಳತೆ ಗೊತ್ತಿಲ್ಲದ ಊರೇನಲ್ಲ, ಓದುಗರೇ. ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಧಾರವಾಡದ ಬಳಿಯ ಗರಗ ಈ ಧ್ವಜದ ಖಾದಿಗೆ ಹೆಸರಾದ ಊರು. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಚಕ್ರಕ್ಕೆ 24 ಅರಗಳು. ಬಣ್ಣ, ನೂಲು, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಸಂಸ್ಥೆಯ ನಿಯಮ. ಇಡೀ ದೇಶ ತಲೆಯೆತ್ತಿ ನೋಡುವ ಗುರುತನ್ನು ಇಂಚಿಂಚೂ ಅಳೆದು ಮಾಡುವ ಕೈಗಳು ಈ ಊರಿನವು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಸ್ಟರ್ ಬಟ್ಟೆಗೂ ಅವಕಾಶ ದೊರೆತ ಮೇಲೆ ಆ ಕೈಗಳಿಗೂ ಪೇಂಟರನ ಪಾಡೇ ಬರಬಹುದೆಂಬ ಆತಂಕ ಹುಟ್ಟಿತು. ಆದರೆ ಒಂದು ಮಾತು ನಿಜ: ಗುರುತಿಗೆ ಶ್ರದ್ಧೆ ಬೇಕೆಂಬುದನ್ನು ಹುಬ್ಬಳ್ಳಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಈ ನೆಲದ ಶ್ರದ್ಧೆ ಕಲ್ಲಿನಲ್ಲಿಯೇ ಸಿಗುತ್ತದೆ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಕ್ಕೆ ಹೋಗಿ ಶಾಸನಗಳ, ವೀರಗಲ್ಲುಗಳ ಮುಂದೆ ನಿಲ್ಲಿರಿ. ಶಾಸನವೆಂದರೆ ಆ ಕಾಲದ ಸಾರ್ವಜನಿಕ ಫಲಕ. ಯಾರು ಯಾರಿಗೆ ಎಷ್ಟು ಭೂಮಿ ಕೊಟ್ಟರು, ಅದನ್ನು ಅಳಿದವರಿಗೆ ಏನಾಗುತ್ತದೆ ಎಂಬುದನ್ನು ಊರಿಗೆಲ್ಲ ತಿಳಿಸಲು ಗುಡಿಯ ಬಳಿ, ಕೆರೆಯ ಏರಿಯ ಮೇಲೆ ಅದನ್ನು ನಿಲ್ಲಿಸುತ್ತಿದ್ದರು. ಕೆಳಗೆ ಅಕ್ಷರಗಳ ಸಾಲು; ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಸೂರ್ಯಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂಬುದು ಓದು ಬಾರದ ರೈತನಿಗೂ ಆ ಚಿತ್ರದಿಂದಲೇ ತಿಳಿಯುತ್ತಿತ್ತು. ವೀರಗಲ್ಲಿನಲ್ಲಂತೂ ಒಂದೊಂದು ಅಂಕಣಕ್ಕೂ ಒಂದೊಂದು ಸಂಗತಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಆ ಕಲ್ಲು ಕಡೆದವನು ತನ್ನ ಊರಿನಲ್ಲಿ ಎರಡು ಬಗೆಯ ಓದುಗರಿದ್ದಾರೆಂದು ತಿಳಿದಿದ್ದನು. ಅಕ್ಷರ ಬಲ್ಲವನಿಗೆ ಬರಹ, ಬಾರದವನಿಗೆ ಚಿತ್ರ. ಇಬ್ಬರಿಗೂ ಒಂದೇ ಕಲ್ಲು.

ಈ ತಿಳಿವಳಿಕೆ ನಮ್ಮ ದೇಶದಲ್ಲಿ ಪೂರ್ಣವಾಗಿ ನಂದಿಹೋಗಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಅಕ್ಷರ ಬಾರದ ಕೋಟ್ಯಂತರ ಮತದಾರರಿಗಾಗಿ ಚಿಹ್ನೆಗಳನ್ನು ಬಳಸಲಾಯಿತು. ಅದರ ಹಿಂದಿದ್ದದ್ದು ಇದೇ ವಿವೇಕ. ದೂರದ ಮೆಕ್ಸಿಕೊ ನಗರದಲ್ಲಿ 1969ರಲ್ಲಿ ಮೆಟ್ರೊ ರೈಲು ಆರಂಭವಾದಾಗ ಲ್ಯಾನ್ಸ್ ವೈಮನ್ ಎಂಬ ವಿನ್ಯಾಸಕಾರರು ನಿಲ್ದಾಣಗಳಿಗೆ ಒಂದೊಂದು ಚಿತ್ರವನ್ನು ಗುರುತಾಗಿ ಕೊಟ್ಟರು. ಅಲ್ಲಿನ ಹಳೆಯ ಭಾಷೆಯಲ್ಲಿ 'ಮಿಡತೆಯ ಗುಡ್ಡ' ಎಂಬ ಅರ್ಥವಿರುವ ಚಪುಲ್ತೆಪೆಕ್ ನಿಲ್ದಾಣಕ್ಕೆ ಮಿಡತೆಯ ಚಿತ್ರ. ಓದು ಬಾರದವನೂ ಮಿಡತೆಯ ಬಳಿ ಇಳಿಯಬಲ್ಲನು. ಓದು ಬಲ್ಲವನಿಗೆ ತನ್ನ ಊರಿನ ಪೂರ್ವಕಥೆ ನೆನಪಾಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75.36 ಇದ್ದಿತು. ನಾಲ್ವರಲ್ಲಿ ಒಬ್ಬರಿಗೆ ಅಂದು ನಮ್ಮ ಬೀದಿಯ ಯಾವ ಫಲಕವೂ, ಯಾವ ಭಾಷೆಯದೂ ದಕ್ಕುತ್ತಿರಲಿಲ್ಲ.

ಚಿತ್ರದ ಬಲ ನಮ್ಮ ಬೀದಿಗಳಿಗೆ ಗೊತ್ತಿದೆ. ಆದರೆ ಅದನ್ನು ಎಲ್ಲಿ ಬಳಸುತ್ತಿದ್ದೇವೆ ನೋಡಿರಿ. ನಮ್ಮ ನಗರಗಳ ಮೂಲೆಗೋಡೆಗಳ ಮೇಲೆ ಸಾಲಾಗಿ ಹಚ್ಚಿದ ದೇವರ ಚಿತ್ರದ ಟೈಲುಗಳನ್ನು ನೀವೂ ನೋಡಿರುತ್ತೀರಿ. ಗಣಪತಿ, ಸಾಯಿಬಾಬಾ, ಮೆಕ್ಕಾದ ಚಿತ್ರ, ಪಕ್ಕದಲ್ಲಿ ಶಿಲುಬೆ. ಸರ್ವಧರ್ಮಗಳು ಇಷ್ಟು ನಿರ್ವಿವಾದವಾಗಿ ಒಂದೇ ಸಾಲಿನಲ್ಲಿ ನಿಲ್ಲುವುದು ಬೇರೆಲ್ಲೂ ಅಪರೂಪ. ಅವರನ್ನು ಅಲ್ಲಿ ನಿಲ್ಲಿಸಿದ್ದು ಪೂಜೆಗಲ್ಲ, ಗೋಡೆಗೆ ಮೂತ್ರ ಮಾಡದಿರಲೆಂದು ಕಾವಲಿಗೆ. 'ಮೂತ್ರ ವಿಸರ್ಜನೆ ನಿಷೇಧಿಸಿದೆ' ಎಂಬ ಬರಹ ಸೋತಲ್ಲಿ ಈ ಚಿತ್ರ ಗೆಲ್ಲುತ್ತದೆ. ಇಷ್ಟು ಪರಿಣಾಮಕಾರಿಯಾದ ಸಾರ್ವಜನಿಕ ವಿನ್ಯಾಸ ಇನ್ನೊಂದಿಲ್ಲವೆಂದು ಮೆಚ್ಚುವವರಿದ್ದಾರೆ. ನನಗೆ ಆ ಮೆಚ್ಚುಗೆ ಸಾಧ್ಯವಾಗುವುದಿಲ್ಲ. ಶಿಲುಬೆಯನ್ನು ಆ ಗೋಡೆಯ ಮೇಲೆ ಕಂಡಾಗ ಆಗುವ ನೋವು ಗಣಪತಿಯ ಭಕ್ತನಿಗೂ ಆಗುತ್ತಿರಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ನಡೆದು ಹೋಗುವ ದೂರದಲ್ಲಿ ಒಂದು ಶುಚಿಯಾದ ಶೌಚಾಲಯವಿದ್ದು, ಅದಕ್ಕೆ ದಾರಿ ತೋರಿಸುವ ಒಂದು ಬಾಣದ ಗುರುತಿದ್ದಿದ್ದರೆ ದೇವರಿಗೆ ಈ ಕೆಲಸ ಬೀಳುತ್ತಿತ್ತೆ? ಭಯ ಹುಟ್ಟಿಸುವ ಚಿತ್ರಕ್ಕೆ ನಾವು ಖರ್ಚು ಮಾಡಿದೆವು. ದಾರಿ ತೋರಿಸುವ ಚಿತ್ರಕ್ಕೆ ಮಾಡಲಿಲ್ಲ.

ದಾರಿ ತೋರಿಸುವುದು ಎಂದಾಗ ನನಗೆ ಒಂದು ಘಟನೆ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರನ್ನು ಕರೆದುಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಸುತ್ತಲಿನ ಹಳ್ಳಿಗಳಿಂದ ದಿನವೂ ಜನ ಬರುವ ಜಾಗ. ಉದ್ದನೆಯ ಪಡಸಾಲೆಯಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಕೈಯಲ್ಲಿ ಚೀಟಿ ಹಿಡಿದು ಒಂದು ಫಲಕದ ಕೆಳಗೆ ನಿಂತಿದ್ದಳು. ತುಟಿಯಲ್ಲಿಯೇ ಅಕ್ಷರ ಕೂಡಿಸಿಕೊಳ್ಳುತ್ತಿದ್ದಳು: ಔ-ಷ-ಧ, ವಿ-ತ-ರ-ಣಾ, ವಿ-ಭಾ-ಗ. ಫಲಕ ಕನ್ನಡದಲ್ಲಿಯೇ ಇತ್ತು, ಮೇಲ್ಭಾಗದಲ್ಲಿಯೇ ಇತ್ತು, ಕಾಗುಣಿತವೂ ಸರಿಯಾಗಿತ್ತು.

"ಯಪ್ಪಾ, ವಿತರಣಾ ಅಂದ್ರ ಏನೋ?" ಎಂದು ನನ್ನನ್ನು ಕೇಳಿದಳು.

"ಗುಳಿಗಿ ಕೊಡೂ ಜಾಗಾರೀ ಯವ್ವಾ" ಎಂದೆ.

ಆಕೆ ಮತ್ತೊಮ್ಮೆ ಫಲಕ ನೋಡಿದಳು. "ಹಂಗ ಬರದಿದ್ರ ಏನಾಗತಿತ್ತು?" ಎಂದು ಹೇಳಿ, ಉತ್ತರಕ್ಕೆ ಕಾಯದೆ ಸಾಲಿಗೆ ಹೋಗಿ ನಿಂತಳು.

ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ತೃಪ್ತಿಕರವಾದ ಉತ್ತರವಿಲ್ಲ. ಆಕೆ ನಿರಕ್ಷರಿಯಾಗಿರಲಿಲ್ಲ. ಕಷ್ಟಪಟ್ಟು ಕಲಿತ ಅಕ್ಷರಗಳಿಂದ ಆ ಫಲಕವನ್ನು ಪೂರ್ಣವಾಗಿ ಓದಿದ್ದಳು. ಫಲಕ ಕನ್ನಡದ್ದಾಗಿತ್ತು, ಆದರೆ ಆಕೆಯ ಕನ್ನಡದ್ದಾಗಿರಲಿಲ್ಲ. ಅಂಗಡಿಯವನು ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದು ಮಾಡುವ ತಪ್ಪನ್ನೇ ಕಚೇರಿಯವರು ಸಂಸ್ಕೃತದ ಸಮಾಸಗಳನ್ನು ಜೋಡಿಸಿ ಮಾಡುತ್ತಾರೆ. ಒಬ್ಬನಿಗೆ ನಾಗರಿಕನೆನಿಸಿಕೊಳ್ಳುವ ಹಂಬಲ, ಇನ್ನೊಬ್ಬನಿಗೆ ವಿದ್ವಾಂಸನೆನಿಸಿಕೊಳ್ಳುವ ಹಂಬಲ. ಎರಡರಲ್ಲಿಯೂ ಫಲಕದ ಕೆಳಗೆ ಚೀಟಿ ಹಿಡಿದು ನಿಂತವಳ ನೆನಪಿಲ್ಲ. ಶೇಕಡಾ 60ರ ಲೆಕ್ಕದಲ್ಲಿ ಇಬ್ಬರೂ ಉತ್ತೀರ್ಣರು.

ಹಾಗಾದರೆ ಬೇರೆ ದಾರಿ ಇಲ್ಲವೆ? ಇದೆ, ಅದು ನಮ್ಮ ಕಣ್ಣ ಮುಂದೆಯೇ ಓಡಾಡುತ್ತಿದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ದೂರಕ್ಕೆ ಪ್ರತ್ಯೇಕ ಪಥದಲ್ಲಿ ಓಡುವ ತ್ವರಿತ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದವು. 2020ರ ಫೆಬ್ರುವರಿ 2ರಂದು ಅವುಗಳ ವಿಧ್ಯುಕ್ತ ಉದ್ಘಾಟನೆಯಾಯಿತು. ಆ ಬಸ್ಸಿಗೆ ಇಟ್ಟ ಹೆಸರು 'ಚಿಗರಿ'. ಪುಸ್ತಕದ ಕನ್ನಡದಲ್ಲಿ ಅದು ಜಿಂಕೆ, ಹರಿಣ, ಕುರಂಗ. 'ತ್ವರಿತ ಸಾರಿಗೆ' ಎಂದು ಬರೆದು ಮುಗಿಸಬಹುದಿತ್ತು. ಯಾವುದಾದರೊಂದು ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಹಚ್ಚಬಹುದಿತ್ತು. ಹಾಗೆ ಮಾಡದೆ ಈ ಸೀಮೆಯ ತಾಯಂದಿರು ಮಕ್ಕಳಿಗೆ ಹೇಳುವ ಮಾತನ್ನೇ ಆರಿಸಿಕೊಂಡರು. ಹಿಂದಿನ ಅಖಂಡ ಧಾರವಾಡ ಜಿಲ್ಲೆಗೆ ಸೇರಿದ್ದ ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯ ನೋಡಿದವರಿಗೆ ಈ ಬಯಲುಸೀಮೆಯ ಹೊಲಗಳಲ್ಲಿ ಚಿಗರಿ ನೆಗೆಯುವ ಸೊಬಗು ಗೊತ್ತು. ಹೆಸರು ಕೇಳಿದ ಕೂಡಲೇ ಬಸ್ಸಿನ ವೇಗ ಕಣ್ಣಿಗೆ ಕಟ್ಟುತ್ತದೆ. ಮೂರೇ ಅಕ್ಷರ; ಒತ್ತಿಲ್ಲ, ಮಹಾಪ್ರಾಣವಿಲ್ಲ; ದೂರದಿಂದಲೂ ಓದಬಹುದು. ಯೋಜನೆಯ ಗುಣದೋಷಗಳ ಬಗ್ಗೆ ವಾದಗಳು ಸಾಕಷ್ಟಿವೆ, ಅವುಗಳಲ್ಲಿ ಹುರುಳೂ ಇದೆ. ಬಸ್ಸಿನ ಮುಂದಿನ ಗತಿ ಏನೇ ಆಗಲಿ, ಆ ಹೆಸರನ್ನು ಮಾತ್ರ ಊರು ಒಪ್ಪಿಕೊಂಡಿತು. "ಚಿಗರಿ ಹಿಡದು ಬಾ" ಎಂದು ಹೇಳುವಾಗ ಯಾರಿಗೂ ತಾವು ಸರ್ಕಾರಿ ಯೋಜನೆಯೊಂದರ ಹೆಸರು ಹೇಳುತ್ತಿದ್ದೇವೆ ಎನಿಸುವುದಿಲ್ಲ.

ಮೆಕ್ಸಿಕೊದ ಮಿಡತೆಗೂ ನಮ್ಮ ಚಿಗರಿಗೂ ಒಂದು ಸಂಬಂಧವಿದೆ. ಎರಡರಲ್ಲಿಯೂ ಸಾರ್ವಜನಿಕ ಗುರುತನ್ನು ರೂಪಿಸಿದವರು ಊರಿನ ನೆನಪನ್ನೂ ಊರಿನ ನಾಲಗೆಯನ್ನೂ ನಂಬಿದರು. ಆ ನಂಬಿಕೆ ಒಂದು ಬಸ್ಸಿನ ಹೆಸರಿಗೆ ಸಾಧ್ಯವಾದರೆ ಆಸ್ಪತ್ರೆಯ ಪಡಸಾಲೆಗೂ ಸಾಧ್ಯವಾಗಬೇಕು. 'ಗುಳಿಗಿ ಕೊಡುವ ಜಾಗ' ಎಂದು ಬರೆದು, ಪಕ್ಕದಲ್ಲಿ ಒಂದು ಗುಳಿಗೆಯ ಚಿತ್ರ ಬಿಡಿಸಿದರೆ ಕನ್ನಡದ ಘನತೆ ಕುಂದುವುದಿಲ್ಲ. ಈ ಸೀಮೆಯ ಮಾತಿನ ಕೊನೆಯಲ್ಲಿ ಬರುವ 'ರಿ' ಎಂಬ ಗೌರವದ ಒಂದಕ್ಷರವನ್ನು ಸೇರಿಸಿ 'ಇಲ್ಲಿ ಗಾಡಿ ನಿಲ್ಲಿಸಬೇಡಿರಿ' ಎಂದರೆ ಕಾಯಿದೆಯ ಬಲ ಕಡಿಮೆಯಾಗುವುದಿಲ್ಲ. 'ನಿಷೇಧಿಸಲಾಗಿದೆ', 'ಶಿಕ್ಷಾರ್ಹ', 'ತಕ್ಕದ್ದು' ಎಂಬ ಶಬ್ದಗಳು ನಮ್ಮ ಬೀದಿಗಳಲ್ಲಿ ಎಷ್ಟು ತುಂಬಿವೆಯೆಂದರೆ, ನಗರ ತನ್ನ ಜನರೊಡನೆ ಮಾತನಾಡುವುದು ಗದರಿಸುವುದಕ್ಕೆ ಮಾತ್ರವೇ ಎಂಬ ಸಂದೇಹ ಬರುತ್ತದೆ.

ಇದನ್ನೆಲ್ಲ ಬರೆಯುತ್ತಿರುವ ನಾನೂ ತಪ್ಪಿತಸ್ಥನೇ. ಹಿಂದೊಮ್ಮೆ ಒಂದು ಸಂಸ್ಥೆಯ ಬಾಗಿಲಿಗೆ ಸೂಚನೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. 'ಪಾದರಕ್ಷೆಗಳನ್ನು ನಿಗದಿತ ಸ್ಥಳದಲ್ಲಿಯೇ ಇರಿಸತಕ್ಕದ್ದು' ಎಂದು ಬಹಳ ಹೆಮ್ಮೆಯಿಂದ ಬರೆದುಕೊಟ್ಟೆ. ಅದು ಮೂರ್ನಾಲ್ಕು ವರ್ಷ ಅಲ್ಲಿಯೇ ತೂಗಾಡಿತು. ಚಪ್ಪಲಿಗಳು ಬಾಗಿಲ ತುಂಬ ಚೆಲ್ಲಾಡಿದವು. ಆಮೇಲೆ ಕಸ ಗುಡಿಸುವ ಹೆಣ್ಣುಮಗಳು ಒಂದು ರಟ್ಟಿನ ಚೂರಿನ ಮೇಲೆ ಸುಣ್ಣದ ಕಡ್ಡಿಯಿಂದ 'ಚಪ್ಪಲಿ ಇಲ್ಲಿ ಬಿಡ್ರಿ' ಎಂದು ಬರೆದು, ಕೆಳಗೆ ಒಂದು ಜೊತೆ ಚಪ್ಪಲಿಯ ಚಿತ್ರ ತೆಗೆದು ಗೋಡೆಗೆ ಆನಿಸಿದಳು. ಅಂದಿನಿಂದ ಚಪ್ಪಲಿಗಳು ಸಾಲಾಗಿ ನಿಂತವು. ಶಾಸನ ಕಡೆದವನಿಗೆ ಗೊತ್ತಿದ್ದುದು ಆಕೆಗೂ ಗೊತ್ತಿತ್ತು. ನಡುವೆ ನಾನು ಮಾತ್ರ ಅದನ್ನು ಮರೆತಿದ್ದೆ.

ಆದ್ದರಿಂದ ಓದುಗರೇ, ನಿಮ್ಮ ಮನೆಯ ಗೇಟಿಗೆ, ಶಾಲೆಗೆ, ಅಂಗಡಿಗೆ, ದೇವಾಲಯಕ್ಕೆ ಒಂದು ಫಲಕ ಬರೆಯಿಸುವ ಸಂದರ್ಭ ಬಂದಾಗ ಕನ್ನಡ ಎಷ್ಟು ಪಾಲು ಎಂದು ಅಳೆಯುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿರಿ. ತಗಡಿಗೆ ಬಣ್ಣ ಬಳಿಯುವ ಮೊದಲು ಆ ಮಾತನ್ನು ಚೀಟಿಯಲ್ಲಿ ಬರೆದು, ಓದು ಕಡಿಮೆಯಿರುವ ಒಬ್ಬರಿಗೆ ತೋರಿಸಿ ಕೇಳಿರಿ. ಅವರು ತುಟಿ ಅಲುಗಿಸಿ ಓದಿ, ತಲೆಯೆತ್ತಿ, ಏನನ್ನೂ ಕೇಳದೆ ಸರಿಯಾದ ದಿಕ್ಕಿಗೆ ನಡೆದರೆ ನಿಮ್ಮ ಫಲಕ ಸಿದ್ಧವಾದಂತೆ.